ಮೂರು ತಿಂಗಳ ಸಂಬಳದ ಸ್ಲಿಪ್ಪು ಕೇಳಿದಾಗ

ಹೊಸದಾಗಿ ಸರಕಾರಿ ಕೆಲಸಕ್ಕೆ ಸೇರಿದ ತಮ್ಮಂದಿರಿಗೆ, ತಂಗಿಯರಿಗೆ,

ಮೊದಲ ಸಂಬಳದ ಸ್ಲಿಪ್ಪನ್ನು ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿರುತ್ತೀರಿ. ಅಮ್ಮ ಅದರದೊಂದು ಪ್ರಿಂಟ್ ತೆಗೆಸಿ ದೇವರ ಮುಂದೆ ಇಟ್ಟಿರುತ್ತಾರೆ. ಅಪ್ಪ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಾಲ್ಕು ಜನಕ್ಕೆ ತೋರಿಸಿ ಬಂದಿರುತ್ತಾರೆ. ಆ ನಾಲ್ವರಲ್ಲಿ ಒಬ್ಬರು ಮನೆಗೆ ಹೋಗಿ ಇನ್ಯಾರಿಗೋ ಹೇಳಿರುತ್ತಾರೆ. ಸ್ವಲ್ಪ ದಿನಕ್ಕೆ ನಿಮಗೊಂದು ಫೋನ್ ಬರುತ್ತದೆ. ಮಳೆ ಆಯ್ತಾ, ರೂಮ್ ಸಿಕ್ತಾ, ಊಟಕ್ಕೆ ಏನ್ಮಾಡ್ಕೊಂಡೆ ಎಂಬುದೆಲ್ಲ ಮುಗಿದ ಮೇಲೆ ಆ ಕಡೆಯ ದನಿ ಸ್ವಲ್ಪ ಮೆತ್ತಗಾಗುತ್ತದೆ. "ಮೂರು ತಿಂಗಳ ಸಂಬಳದ ಸ್ಲಿಪ್ಪು, ಆಧಾರು, ಎರಡು ಫೋಟೊ ಬೇಕಂತೆ ಕಣಪ್ಪ. ಸುಮ್ನೆ ಫಾರ್ಮಾಲಿಟಿ."

ಆ "ಸುಮ್ನೆ ಫಾರ್ಮಾಲಿಟಿ" ಬಗ್ಗೆ ಈ ಕಾಗದ.

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನ ಪಟ್ಟಣ ಸಹಕಾರ ಬ್ಯಾಂಕಿನಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ಅದರಲ್ಲಿ 20 ವರ್ಷ ಸಾಲದ ವಿಭಾಗದಲ್ಲೇ ಕಳೆದೆ. ಎಷ್ಟು ಜಾಮೀನು ಪತ್ರಗಳು ನನ್ನ ಮೇಜಿನ ಮೇಲೆ ಸಹಿಯಾದವೋ ಲೆಕ್ಕ ಇಟ್ಟಿಲ್ಲ. ಸಹಿ ಮಾಡುವ ಮುಂಚೆ ಪತ್ರವನ್ನು ಪೂರ್ತಿ ಓದಿದವರ ಲೆಕ್ಕ ಮಾತ್ರ ಇದೆ: ಇಬ್ಬರು. ಅವರಲ್ಲೂ ಒಬ್ಬರು ಕನ್ನಡ ಪಂಡಿತರು. ಓದಿ ಮುಗಿಸಿ, ಮೂರು ಕಾಗುಣಿತದ ತಪ್ಪು ತೋರಿಸಿ, ಸಹಿ ಹಾಕಿ ಹೋದರು.

ಮಿಕ್ಕವರದೆಲ್ಲ ಒಂದೇ ರೀತಿ. ಮಧ್ಯಾಹ್ನದ ಹೊತ್ತು, ಶಾಲೆಯಲ್ಲಿ ಒಂದು ಗಂಟೆ ಪರ್ಮಿಷನ್ ಹೇಳಿ ಬಂದಿರುತ್ತಿದ್ದರು. ಸಾಲ ತೆಗೆಯುವವರೇ ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಿದ್ದರು, ವಾಪಸು ಬಿಡುವುದೂ ಅವರೇ. ಸಹಿ ಬೇಕಾದ ಕಡೆಯಲ್ಲೆಲ್ಲ ನಾನು ಪೆನ್ಸಿಲಿನಲ್ಲಿ ಸಣ್ಣದೊಂದು ಇಂಟು ಮಾರ್ಕು ಹಾಕಿಟ್ಟಿರುತ್ತಿದ್ದೆ. ಹಾಳೆ ತಿರುವುತ್ತಿದ್ದವನೂ ನಾನೇ, ಪತ್ರವನ್ನು ಅವರ ಕೈಗೆ ಕೊಡುತ್ತಿರಲಿಲ್ಲ. "ಇಲ್ಲಾ?" "ಹ್ಞೂಂ, ಅಲ್ಲೇ." "ಇಲ್ಲೂನಾ?" "ಅಲ್ಲೂ ಹಾಕಿ ಮೇಷ್ಟ್ರೆ. ತಾರೀಖು ಬೇಡ, ನಾವು ಬರ್ಕೋತೀವಿ." ತಾರೀಖು ಖಾಲಿ, ಎಷ್ಟೋ ಸಲ ಮೊತ್ತದ ಜಾಗವೂ ಖಾಲಿ. ಐದು ನಿಮಿಷದ ಕೆಲಸ. ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ಟೀ ಬರುತ್ತಿತ್ತು, ಕೆಲವು ಸಲ ಜೊತೆಗೆ ಉದ್ದಿನ ವಡೆ. ದುಡ್ಡು ಸಾಲ ತೆಗೆಯುವವರದು. ಆ ಸಾಲದಲ್ಲಿ ಜಾಮೀನುದಾರರಿಗೆ ದಕ್ಕುತ್ತಿದ್ದುದು ಆ ವಡೆ ಒಂದೇ.

ಪತ್ರದಲ್ಲಿ ಏನಿದೆ ಎಂದು ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಹೇಳಲಿಲ್ಲ. ಹೇಳಿದ್ದರೆ ಅರ್ಧ ಜನ ಎದ್ದು ಹೋಗುತ್ತಿದ್ದರು, ಮಾರ್ಚ್ ತಿಂಗಳಿಗೆ ನಮ್ಮ ಗುರಿ ಮುಟ್ಟುತ್ತಿರಲಿಲ್ಲ. ಅದನ್ನೇ ಈಗ ಹೇಳುತ್ತಿದ್ದೇನೆ.

ಮೊದಲು ಒಳಗಿನ ಒಂದು ಗುಟ್ಟು. ಸಾಲದ ಅರ್ಜಿ ಬಂದಾಗ ಸಾಲ ಕೇಳಿದವರ ಆದಾಯ, ಅಡವು, ಹಿಂದೆ ಕಂತು ಕಟ್ಟಿದ ರೀತಿ ಗಟ್ಟಿಯಾಗಿದ್ದರೆ ಜಾಮೀನಿನ ಹಾಳೆಯ ಮೇಲೆ ಸುಮ್ಮನೆ ಕಣ್ಣಾಡಿಸಿ ಬಿಡುತ್ತಿದ್ದೆವು. ಅವು ಸಡಿಲವಾಗಿದ್ದರೆ ಆಡಳಿತ ಮಂಡಳಿಯ ಸಭೆಯಲ್ಲಿ ಬರುತ್ತಿದ್ದ ಪ್ರಶ್ನೆ ಒಂದೇ. "ಜಾಮೀನು ಯಾರು? ಸಂಬಳದೋರಾ?" ಹೌದು ಅಂದರೆ ಮಂಜೂರು. ಹೀಗಾಗಿ ನಿಮ್ಮನ್ನು ಕರೆಯುವ ಹೊತ್ತಿಗೆ, ಈ ಮನುಷ್ಯನೊಬ್ಬನನ್ನೇ ನಂಬಿ ದುಡ್ಡು ಕೊಡಲಾಗದು ಎಂದು ಬ್ಯಾಂಕು ತೀರ್ಮಾನ ಮಾಡಿ ಆಗಿರುತ್ತದೆ. ಬೆಳಗಾದರೆ ಸಾಲ ಕೊಡುವುದೇ ಕಸುಬಾದವರು, ಕಾಗದಪತ್ರ ಮುಂದಿಟ್ಟುಕೊಂಡು, ಬಡ್ಡಿಯ ಆಸೆ ಇದ್ದೂ ಹಿಂದೆಗೆದ ಜಾಗ ಅದು. ಅಲ್ಲಿ ಬಡ್ಡಿಯಿಲ್ಲದೆ ನಿಲ್ಲಲು ನಿಮ್ಮನ್ನು ಕರೆಯುತ್ತಾರೆ. ಕರೆಯುವವರು ಚಿಕ್ಕಪ್ಪನೋ ಅಣ್ಣನೋ ಅತ್ತೆಯ ಮಗನೋ ಆಗಿರುವುದರಿಂದ ಇದು ನಿಮಗೆ ಹೊಳೆಯುವುದಿಲ್ಲ. ನನಗೂ ಹೊಳೆಯಲಿಲ್ಲ, ಆ ಕಥೆ ಆಮೇಲೆ ಹೇಳುತ್ತೇನೆ.

ಜಾಮೀನು ಎಂದರೆ "ಇವನು ಒಳ್ಳೆಯವನು" ಎಂದು ಸರ್ಟಿಫಿಕೇಟು ಕೊಟ್ಟ ಹಾಗೆ ಎಂದುಕೊಂಡವರು ಬಹಳ. ಸಾಲಗಾರ ಕಟ್ಟದಿದ್ದರೆ ಬ್ಯಾಂಕಿನವರು ಅವನ ಹಿಂದೆ ಬೀಳುತ್ತಾರೆ, ಅವನ ಮನೆ ಮಠ ಎಲ್ಲ ಮುಗಿದ ಮೇಲೆ ಕೊನೆಗೆ ನಮ್ಮ ಹತ್ತಿರ ಬಂದಾರು ಎಂದು ಓದಿದವರೂ ನಂಬಿರುತ್ತಾರೆ. ಕಾನೂನು ಹಾಗಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅಸಲಿಗೆ ಅಸಲು, ಬಡ್ಡಿಗೆ ಬಡ್ಡಿ, ಸುಸ್ತಿಬಡ್ಡಿಗೆ ಸುಸ್ತಿಬಡ್ಡಿ. "ಮೊದಲು ಅವನನ್ನು ಹಿಡೀರಿ, ಆಮೇಲೆ ನಾನು" ಎನ್ನುವ ವಾದವನ್ನು ಸುಪ್ರೀಂ ಕೋರ್ಟು 1968ರಲ್ಲೇ, ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ, ತಳ್ಳಿಹಾಕಿದೆ. ಸಾಲಗಾರನ ಮೇಲಿನ ಪ್ರಯತ್ನವೆಲ್ಲ ಮುಗಿಯುವವರೆಗೆ ಬ್ಯಾಂಕು ಕಾಯಬೇಕಾದರೆ ಜಾಮೀನು ತೆಗೆದುಕೊಂಡು ಏನು ಬಂತು ಎಂಬುದು ಅದರ ತಾತ್ಪರ್ಯ. ಬ್ಯಾಂಕು ಯಾರನ್ನು ಮೊದಲು ಹಿಡಿಯುತ್ತದೆ? ಸುಲಭವಾಗಿ ಸಿಗುವವರನ್ನು. ಸಾಲ ತೆಗೆದು ಟೆಂಪೊ ಓಡಿಸುವವನು ಇವತ್ತು ಅರಸೀಕೆರೆ, ನಾಳೆ ಯಶವಂತಪುರ. ನೀವು ಸೋಮವಾರದಿಂದ ಶನಿವಾರದವರೆಗೆ ಅದೇ ಶಾಲೆ, ಅದೇ ಕುರ್ಚಿ.

ಅದೂ ಅಲ್ಲದೆ ನಿಮ್ಮ ದುಡ್ಡು ನಿಮ್ಮ ಕೈಗೆ ಬರುವ ಮುಂಚೆಯೇ ಒಂದು ಕಚೇರಿಯ ಮೇಜು ದಾಟಿ ಬರುತ್ತದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 34ನೇ ಕಲಮಿನಲ್ಲಿ, ಸದಸ್ಯರು ಬರೆದುಕೊಟ್ಟ ಒಪ್ಪಿಗೆ ಪತ್ರದ ಮೇಲೆ ಅವರ ಸಂಬಳದಲ್ಲೇ ಸಂಘದ ಬಾಕಿ ಮುರಿದುಕೊಡಲು ಅವಕಾಶವಿದೆ. ನಾನು ಪೆನ್ಸಿಲ್ ಗುರುತು ಹಾಕುತ್ತಿದ್ದ ಹಾಳೆಗಳಲ್ಲಿ ಅದೂ ಒಂದು. ಸಾಲ ಸುಸ್ತಿಯಾದರೆ ನಾವು ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ಕಾಗದ ಬರೆಯುತ್ತಿದ್ದೆವು, ಮುಂದಿನ ತಿಂಗಳಿಂದ ಕಡಿತ ಶುರು. ಒಪ್ಪಿಗೆ ಪತ್ರ ಇಲ್ಲದಿದ್ದರೆ 70ನೇ ಕಲಮಿನಡಿ ಸಹಕಾರ ಇಲಾಖೆಯಲ್ಲಿ ದಾವೆ. ವಾಣಿಜ್ಯ ಬ್ಯಾಂಕಾದರೆ ಸಿವಿಲ್ ಕೋರ್ಟು, ಡಿಕ್ರಿ, ಅಮಲ್ಜಾರಿ. ಕೋರ್ಟಿನ ಜಪ್ತಿಗೆ ಒಂದು ಮಿತಿ ಇದೆ. ವಿನಾಯಿತಿ ಪಡೆದ ಭತ್ಯೆಗಳನ್ನು ಬಿಟ್ಟು ಉಳಿದ ಸಂಬಳದಲ್ಲಿ ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ, ಮಿಕ್ಕಿದ್ದರಲ್ಲಿ ಮೂರನೇ ಒಂದು ಪಾಲನ್ನು ಮಾತ್ರ ಹಿಡಿಯಬಹುದು. ಅಂಥ ಸಂಬಳ 40,000 ಎಂದರೆ ತಿಂಗಳಿಗೆ 13,000. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳಿಗಿಂತ ಹೆಚ್ಚು ಹಿಡಿಯುವ ಹಾಗಿಲ್ಲ. ಪಿಂಚಣಿ, ಪಿಎಫ್, ಗ್ರಾಚ್ಯುಟಿಗಳನ್ನು ಜಪ್ತಿ ಮಾಡುವ ಹಾಗಿಲ್ಲ. ಇದು ಸಮಾಧಾನದ ಮಾತು ಅನ್ನಿಸಿದರೆ ಆ 13,000 ಇಲ್ಲದ 24 ತಿಂಗಳನ್ನು ಒಮ್ಮೆ ನಿಮ್ಮ ಮನೆ ಬಾಡಿಗೆಯ ಪಕ್ಕ ಬರೆದು ನೋಡಿ.

ಕರಾರು ಕಾಯಿದೆ ಜಾಮೀನುದಾರನನ್ನು ಪೂರ್ತಿ ಕೈಬಿಟ್ಟಿದೆ ಎಂದೇನೂ ಅಲ್ಲ. ನಿಮ್ಮನ್ನು ಕೇಳದೆ ಸಾಲದ ಷರತ್ತು ಬದಲಿಸಿದರೆ ಆಮೇಲಿನ ವ್ಯವಹಾರಗಳ ಮಟ್ಟಿಗೆ ನೀವು ಬಿಡುಗಡೆ ಎಂದು 133ನೇ ಕಲಮು ಹೇಳುತ್ತದೆ. ಅಡವಿಟ್ಟ ವಸ್ತುವನ್ನು ಬ್ಯಾಂಕು ನಿಮ್ಮ ಒಪ್ಪಿಗೆಯಿಲ್ಲದೆ ಕಳೆದುಕೊಂಡರೆ ಅದರ ಬೆಲೆಯಷ್ಟು ನಿಮ್ಮ ಹೊಣೆ ಕಡಿಮೆಯಾಗುತ್ತದೆ ಎಂದು 141 ಹೇಳುತ್ತದೆ. ಒಳ್ಳೆಯ ಕಲಮುಗಳು. ಆದರೆ ನಮ್ಮ ಅಚ್ಚಾದ ನಮೂನೆಯಲ್ಲಿ, ಸಣ್ಣ ಅಕ್ಷರದಲ್ಲಿ, "ಸದರಿ ಕಾಯಿದೆಯಡಿ ಜಾಮೀನುದಾರನಿಗೆ ಲಭ್ಯವಿರುವ ಹಕ್ಕುಗಳನ್ನು ಈ ಮೂಲಕ ಬಿಟ್ಟುಕೊಟ್ಟಿರುತ್ತೇನೆ" ಎಂಬರ್ಥದ ಒಂದು ಸಾಲು ಇರುತ್ತಿತ್ತು. ಬ್ಯಾಂಕುಗಳ ನಮೂನೆಗಳಲ್ಲಿ ಇದು ಸಾಮಾನ್ಯ. ಹೀಗೆ ಬಿಟ್ಟುಕೊಟ್ಟದ್ದು ಊರ್ಜಿತ ಎಂದು ಸುಪ್ರೀಂ ಕೋರ್ಟೂ ಹೇಳಿದೆ. ಕಾಯಿದೆ ಒಂದು ಕೈಯಲ್ಲಿ ಕೊಟ್ಟಿದ್ದನ್ನು ನೀವು ವಡೆ ತಿನ್ನುತ್ತ ಇನ್ನೊಂದು ಕೈಯಲ್ಲಿ ವಾಪಸು ಕೊಟ್ಟಿರುತ್ತೀರಿ.

ನಿಮಗೆ ತಿಳಿಯದೆ ಆಗುವ ಇನ್ನೊಂದು ಏಟು ಇದೆ. ನಮ್ಮ ಊರಿನ ಹೈಸ್ಕೂಲಿನ ಗಣಿತದ ಮೇಷ್ಟ್ರೊಬ್ಬರು ಮನೆ ಕಟ್ಟಲು ಬೇರೊಂದು ಬ್ಯಾಂಕಿಗೆ ಅರ್ಜಿ ಹಾಕಿದ್ದರು. ಸಿಬಿಲ್ ಅಂಕ ಕಡಿಮೆ ಎಂದು ವಾಪಸು ಕಳಿಸಿದರು. ಕೈಯಲ್ಲಿ ಸಿಬಿಲ್ ವರದಿಯ ಪ್ರಿಂಟು ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಸಾರ್, ಹುಟ್ಟಿದಾಗಿಂದ ಒಂದು ರೂಪಾಯಿ ಸಾಲ ಮಾಡಿಲ್ಲ ನಾನು." ನಿಜವೇ. ಆದರೆ ವರದಿಯಲ್ಲಿ ಒಂದು ಸಾಲಿನ ಎದುರು 'ಜಾಮೀನುದಾರ' ಎಂದು ಇತ್ತು. ಚಿಕ್ಕಪ್ಪನ ಮಗ ಅಂಗಡಿ ಇಡಲು ತೆಗೆದ ಸಾಲ. 90 ದಿನ ಕಂತು ನಿಂತರೆ ಬ್ಯಾಂಕಿನ ಪುಸ್ತಕದಲ್ಲಿ ಅದು ಅನುತ್ಪಾದಕ ಆಸ್ತಿ. ಆ ಕಪ್ಪು ಚುಕ್ಕೆ ಸಾಲ ತೆಗೆದವನ ಹೆಸರಿನ ಜೊತೆ ಜಾಮೀನು ನಿಂತವನ ಹೆಸರಿಗೂ ಅಂಟುತ್ತದೆ. ಚಿಕ್ಕಪ್ಪನ ಮಗ ಅಂಗಡಿ ಮುಚ್ಚಿ ವರ್ಷವಾಗಿದ್ದು ಮೇಷ್ಟ್ರಿಗೆ ಗೊತ್ತಿತ್ತು. ಸಾಲ ಉಳಿದಿದೆ ಎಂಬುದು ಗೊತ್ತಿರಲಿಲ್ಲ. ಕೇಳಿರಲಿಲ್ಲ. ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತದೆ ಎಂದು ಸುಮ್ಮನಿದ್ದರಂತೆ.

ಈ "ಕೇಳಿದರೆ ತಪ್ಪಾಗುತ್ತೆ" ಎಂಬುದೇ ಎಲ್ಲದರ ಬುಡ. ನೂರು ವರ್ಷದ ಹಿಂದೆ ಜಾಮೀನು ಎಂಬುದು ಕೇಳುವ, ನೋಡುವ, ಗದರುವ ಹಕ್ಕನ್ನೂ ಜೊತೆಗೆ ಕೊಡುತ್ತಿತ್ತು. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಾಲದಲ್ಲಿ, 1904ರ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಒಬ್ಬ ಮುಳುಗಿದರೆ ಎಲ್ಲರೂ ಕಟ್ಟಬೇಕು. ಕೇಳಲು ಭಯಂಕರ, ಆದರೆ ಅದು ನಡೆಯಿತು. ಯಾಕೆಂದರೆ ಸಾಲ ತೆಗೆದವನ ಹೊಲ ಪಕ್ಕದ ಹೊಲ. ಎತ್ತು ಕೊಂಡನೋ ಇಲ್ಲವೋ ಬದುವಿನ ಮೇಲೆ ನಿಂತರೆ ಕಾಣುತ್ತದೆ. ಬೀಜಕ್ಕೆ ತೆಗೆದ ದುಡ್ಡಿನಲ್ಲಿ ಜಾತ್ರೆ ಮಾಡಿದರೆ ಅದೇ ಸಂಜೆ ಕಟ್ಟೆಯ ಮೇಲೆ ಕೇಳುತ್ತಾರೆ. ಈಗ ನೀವು ಕೆಲಸ ಮಾಡುವುದು ಯಾದಗಿರಿಯಲ್ಲಿ, ಸಾಲ ತೆಗೆದ ದಾಯಾದಿ ಅಣ್ಣ ಇರುವುದು ಕುಣಿಗಲ್ಲಿನಲ್ಲಿ. ಅವನ ಅಂಗಡಿಯ ಷಟರ್ ಇವತ್ತು ಎದ್ದಿದೆಯೋ ಇಲ್ಲವೋ ನಿಮಗೆ ಕಾಣುವುದಿಲ್ಲ. ಹೊಣೆ ಉಳಿದಿದೆ, ಕಣ್ಣು ಹೋಗಿದೆ.

ಶಾಲೆಗಳಲ್ಲಿ ಇದರ ಇನ್ನೊಂದು ನಮೂನೆ ನೋಡುತ್ತೀರಿ. ನನಗೆ ನೀನು, ನಿನಗೆ ನಾನು. ಒಂದೇ ಶಾಲೆಯ ಆರು ಜನ ಒಬ್ಬರಿಗೊಬ್ಬರು ಜಾಮೀನು ಹಾಕಿಕೊಂಡು ಕೂತದ್ದನ್ನು ಕಂಡಿದ್ದೇನೆ. ಒಬ್ಬರು ಚೀಟಿ ವ್ಯವಹಾರದಲ್ಲಿ ಕೈ ಸುಟ್ಟುಕೊಂಡರು. ಎರಡು ವರ್ಷ ಆ ಸ್ಟಾಫ್ ರೂಮಿನಲ್ಲಿ ಟೀ ಫಂಡು ನಿಂತುಹೋಗಿತ್ತು.

ಹೆಣ್ಣುಮಕ್ಕಳಿಗೆ ಬೇರೆಯಾಗಿ ಒಂದು ಮಾತು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಫೋನ್ ಬರುವುದಿಲ್ಲ, ಊಟಕ್ಕೆ ಕೂತಾಗ ಎದುರಿಗೇ ಮಾತು ಬರುತ್ತದೆ. ಮದುವೆಯಾಗಿ ಆರು ತಿಂಗಳಾದ ಒಬ್ಬ ಶಿಕ್ಷಕಿ ಮೈದುನನ ಸಾಲಕ್ಕೆ ಸಹಿ ಹಾಕಲು ನಮ್ಮಲ್ಲಿಗೆ ಬಂದಿದ್ದರು. ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಅತ್ತೆ. ಪೆನ್ನು ಹಿಡಿದು ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡಿದರು. ಏನಾದರೂ ಹೇಳಿಯಾನೇನೋ ಎಂಬ ನೋಟ. ನಾನು ಪೆನ್ಸಿಲ್ ಗುರುತಿನ ಮೇಲೆ ಬೆರಳಿಟ್ಟು ತೋರಿಸಿದೆ. ಆ ಸಾಲ ತೀರಿತು, ಏನೂ ತೊಂದರೆ ಆಗಲಿಲ್ಲ. ಆದರೂ ನಿವೃತ್ತಿಯಾದ ಮೇಲೆ ನನಗೆ ಹೆಚ್ಚಾಗಿ ನೆನಪಾಗುವುದು ಸುಸ್ತಿಯಾದ ಸಾಲಗಳಲ್ಲ, ಆ ನೋಟ.

ಈಗ ನನ್ನ ಕಥೆ.

2009ರಲ್ಲಿ ನನ್ನ ತಂಗಿಯ ಗಂಡ ಒಂದು ಟೆಂಪೊ ತೆಗೆದರು. ತಿಪಟೂರು ಕಡೆ ಕೊಬ್ಬರಿ ಮೂಟೆ, ತೆಂಗಿನಕಾಯಿ ಬಾಡಿಗೆ ಹೊಡೆಯುವುದು. ಭಾವ ಒಳ್ಳೆಯ ಮನುಷ್ಯರು, ಬೀಡಿ ಸಹ ಸೇದುವವರಲ್ಲ. ಪಕ್ಕದ ಊರಿನ ಬ್ಯಾಂಕೊಂದರಲ್ಲಿ 3 ಲಕ್ಷ ಸಾಲ, ನೂರಕ್ಕೆ 14 ಬಡ್ಡಿ, 60 ಕಂತು, ತಿಂಗಳಿಗೆ ಸುಮಾರು 7 ಸಾವಿರ. ಜಾಮೀನು ನಾನು. ಬೇರೆಯವರಿಗೆ ಇಂಟು ಮಾರ್ಕು ತೋರಿಸುತ್ತಿದ್ದವನು ಅವತ್ತು ಇನ್ಯಾರೋ ಹಾಕಿದ ಇಂಟು ಮಾರ್ಕಿನ ಎದುರು ಸಹಿ ಹಾಕುತ್ತ ಹೋದೆ. ನಾನೂ ಓದಲಿಲ್ಲ. ಓದುವ ಅಗತ್ಯವೇನು, ಅದರಲ್ಲಿ ಏನಿದೆ ಎಂದು ಪೂರ್ತಿ ಗೊತ್ತಿತ್ತಲ್ಲ! ಗೊತ್ತಿದ್ದೂ ಹಾಕಿದೆ. ತಂಗಿಯ ಮನೆಯ ಒಲೆ ಉರಿಯುವ ವಿಚಾರ, ಹೇಗೆ ಇಲ್ಲ ಅನ್ನಲಿ? ಮನೆಗೆ ಬಂದು ಹೆಂಡತಿಗೂ ಹೇಳಲಿಲ್ಲ. ಮುಚ್ಚಿಡಬೇಕು ಎಂದೇನೂ ಅಲ್ಲ, ಹೇಳುವಂಥ ದೊಡ್ಡ ವಿಷಯ ಅನ್ನಿಸಲಿಲ್ಲ.

19 ಕಂತು ಸರಿಯಾಗಿ ಬಂತು. ಆಮೇಲೆ ಅದೇ ರಸ್ತೆಗೆ ಇನ್ನೂ ಮೂರು ಟೆಂಪೊ ಬಂದು ಬಾಡಿಗೆ ಇಳಿಯಿತು, ಅದರ ಮೇಲೆ ಇಂಜಿನ್ ಕೈಕೊಟ್ಟಿತು. ಇದು ಯಾವುದೂ ನನಗೆ ಗೊತ್ತಿರಲಿಲ್ಲ. ತಂಗಿಗೇ ಗೊತ್ತಿರಲಿಲ್ಲ. ಟೆಂಪೊ ಗ್ಯಾರೇಜಿನಲ್ಲಿ ನಿಂತು ಏಳು ತಿಂಗಳಾಗಿದ್ದರೂ ಭಾವ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೀ ಜೇಬಿಗೆ ಹಾಕಿಕೊಂಡೇ ಮನೆಯಿಂದ ಹೊರಡುತ್ತಿದ್ದರಂತೆ. ಸಾಲಗಾರರನ್ನು ಮೋಸಗಾರರು ಎಂದು ಬೈಯುವವರನ್ನು ಕಂಡರೆ ನನಗೆ ಆ ಕೀ ನೆನಪಾಗುತ್ತದೆ. ಸಾಲದ ವಿಭಾಗದ 20 ವರ್ಷದಲ್ಲಿ ಬೇಕೆಂದೇ ಮುಳುಗಿಸಿದವರನ್ನು ನಾನು ಕಂಡದ್ದು ಕಡಿಮೆ. ಮುಳುಗುತ್ತಿದ್ದೇನೆ ಎಂದು ಹೇಳಲಾಗದೆ ಮುಳುಗಿದವರೇ ಜಾಸ್ತಿ. ಹಾಗಾಗಿ "ಅವನು ಒಳ್ಳೆಯವನು" ಎಂಬುದು ಜಾಮೀನು ಹಾಕಲು ಕಾರಣವಾಗದು. ಮರ್ಯಾದಸ್ಥರೇ ಕೊನೆಯವರೆಗೆ ಬಾಯಿ ಬಿಡುವುದಿಲ್ಲ.

2012ರ ಆಗಸ್ಟಿನಲ್ಲಿ ನಮ್ಮ ಬ್ಯಾಂಕಿನ ವಿಳಾಸಕ್ಕೇ ನನ್ನ ಹೆಸರಿಗೆ ರಿಜಿಸ್ಟರ್ ಪೋಸ್ಟು ಬಂತು. "ಸದರಿ ಸಾಲಕ್ಕೆ ತಾವು ಜಾಮೀನುದಾರರಾಗಿದ್ದು..." ಮೊದಲ ಸಾಲು ಓದಿದ ಕೂಡಲೇ ಮುಂದಿನದೆಲ್ಲ ನನಗೆ ಬಾಯಿಪಾಠ. ಅಂಥ ನೋಟಿಸುಗಳನ್ನು ನಾನೇ ಎಷ್ಟು ಬರೆಸಿದ್ದೆನೋ. 2 ಲಕ್ಷ 71 ಸಾವಿರ, 15 ದಿನದ ಗಡುವು. ಕೊನೆಯಲ್ಲಿ, ತಪ್ಪಿದಲ್ಲಿ ಆಗುವ ಖರ್ಚುವೆಚ್ಚಕ್ಕೆ ತಾವೇ ಹೊಣೆ. ಆ ವಾಕ್ಯದಲ್ಲಿ 'ತಾವು' ಎನ್ನುವ ಮರ್ಯಾದೆ ಎಷ್ಟು ತಣ್ಣಗಿರುತ್ತದೆ ಎಂದು ಅವತ್ತು ತಿಳಿಯಿತು.

ನನಗೆ ಕಾಯಿದೆ ಗೊತ್ತಿದ್ದದ್ದರಿಂದ ಒಂದು ಉಪಕಾರವಾಯಿತು. ಮಾರನೆಯ ದಿನವೇ ಆ ಬ್ಯಾಂಕಿಗೆ ಹೋಗಿ, ಮೊದಲು ಟೆಂಪೊ ವಶಕ್ಕೆ ತೆಗೆದುಕೊಳ್ಳಿ, ಗ್ಯಾರೇಜಿನಲ್ಲಿ ಟಯರು ಬ್ಯಾಟರಿ ಒಂದೊಂದಾಗಿ ಕರಗುವ ಮುಂಚೆ ಮಾರಿ ಎಂದು ಬರವಣಿಗೆಯಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆ. 90 ಸಾವಿರಕ್ಕೆ ಹೋಯಿತು. ಮಿಕ್ಕ 1 ಲಕ್ಷ 81 ಸಾವಿರ ನಾನು ಕಟ್ಟಿದೆ. ಮಗಳ ಕಾಲೇಜಿಗೆಂದು ಇಟ್ಟಿದ್ದ ಡಿಪಾಸಿಟ್ಟು ಮುರಿಸಿದೆ. ಮುರಿಸುವ ಫಾರಮಿಗೆ ಹೆಂಡತಿಯ ಸಹಿಯೂ ಬೇಕಿತ್ತು. ಆಕೆ ಕೇಳಿದ್ದು ಒಂದೇ ಮಾತು. "ಇದಕ್ಕೆ ನನ್ ಸಹಿ ಬೇಕು. ಅದಕ್ಕೆ ಬೇಡವಾಗಿತ್ತಾ?"

ಜಾಮೀನುದಾರ ಕಟ್ಟಿದ ದುಡ್ಡನ್ನು ಸಾಲಗಾರನಿಂದ ವಸೂಲು ಮಾಡಿಕೊಳ್ಳಬಹುದು. ಕರಾರು ಕಾಯಿದೆಯ 145ನೇ ಕಲಮು ಅದಕ್ಕೇ ಇದೆ, ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ರಸೀದಿಗಳನ್ನೆಲ್ಲ ಜೋಡಿಸಿ ಒಂದು ಫೈಲು ಮಾಡಿದೆ. ಬಾಗಿಲನ್ನೇನೋ ಕಾಯಿದೆ ತೆರೆದಿಟ್ಟಿತ್ತು. ಬಾಗಿಲ ಆಚೆ ನಿಂತವಳು ತಂಗಿ. ಮೂರು ವರ್ಷ ಕಳೆಯಿತು, ಫೈಲು ಅಟ್ಟ ಸೇರಿತು.

ದುಡ್ಡು ಕಟ್ಟಿದ ವರ್ಷದ ಗೌರಿ ಹಬ್ಬಕ್ಕೆ ಎಂದಿನಂತೆ ತಂಗಿಯ ಮನೆಗೆ ಹೋದೆ. ಅರಿಶಿನ ಕುಂಕುಮ, ಬಳೆ, ಎಲೆ ಅಡಿಕೆ, ಅದರ ಮೇಲೆ ಐನೂರರ ಒಂದು ನೋಟು. ಭಾವ ಮನೆಯಲ್ಲಿರಲಿಲ್ಲ. ನಾನು ಬರುವುದು ಗೊತ್ತಾಗಿಯೇ ಹೊರಗೆ ಹೋಗಿದ್ದರು ಅನ್ನಿಸುತ್ತದೆ. ತಂಗಿ ಮಣೆ ಹಾಕಿದಳು, ಕಾಫಿ ಕೊಟ್ಟಳು. ಅರಿಶಿನ ಕುಂಕುಮ ತೆಗೆದುಕೊಂಡಳು, ಬಳೆ ಕೈಗೆ ಹಾಕಿಕೊಂಡಳು. ನೋಟನ್ನು ಮಾತ್ರ ಎಲೆಯ ಮೇಲಿಂದ ಎತ್ತಿ ನನ್ನ ಕೈಯಲ್ಲಿಟ್ಟು, "ಇದನ್ನ ಆ ಲೆಕ್ಕಕ್ಕೆ ಹಾಕ್ಕೊ ಅಣ್ಣ" ಅಂದಳು. 1 ಲಕ್ಷ 81 ಸಾವಿರ ಹೋದದ್ದನ್ನು ನಾನು ಮರೆತಿದ್ದೇನೆ ಎಂದರೆ ಸುಳ್ಳು, ಆದರೆ ಅದು ನೋಯುವುದಿಲ್ಲ. ಆ ಐನೂರು ಈಗಲೂ ನೋಯುತ್ತದೆ.

ಹಾಗಾದರೆ ಯಾರಿಗೂ ಸಹಿ ಹಾಕಬಾರದೇ ಎಂದು ಕೇಳುತ್ತೀರಿ. ಗಂಡ ಹೆಂಡತಿ ಸೇರಿ ಕಟ್ಟುವ ಮನೆಗೆ, ಒಡಹುಟ್ಟಿದವರ ಓದಿಗೆ ಹಾಕಬೇಕಾಗಿ ಬಂದರೆ ಹಾಕಿ. ಆದರೆ ಸಾಲದ ಮೊತ್ತವನ್ನು ನಿಮ್ಮದೇ ಸಾಲ ಎಂದು ಡೈರಿಯಲ್ಲಿ ಬರೆದುಕೊಂಡು ಹಾಕಿ. 5 ಲಕ್ಷ, ನೂರಕ್ಕೆ 12, ಐದು ವರ್ಷ ಎಂದರೆ ತಿಂಗಳಿಗೆ 11,122. ಅಷ್ಟನ್ನು ಐದು ವರ್ಷ ನೀವೇ ಕಟ್ಟಬೇಕಾಗಿ ಬಂದರೂ ಮನೆಯಲ್ಲಿ ಅನ್ನ ಸಾರು ಆಗುತ್ತದೆಯೇ ನೋಡಿ. ಆಗುವುದಿಲ್ಲವಾದರೆ ಆ ಸಹಿ ಹಾಕುವ ಯೋಗ್ಯತೆ ನಿಮ್ಮ ಸಂಬಳಕ್ಕೆ ಇನ್ನೂ ಬಂದಿಲ್ಲ. ಸಂಬಂಧ ಎಷ್ಟೇ ಹತ್ತಿರದ್ದಿರಲಿ. 'ಸಹ ಸಾಲಗಾರ' ಎಂದು ಹಾಕಿಸಿಕೊಂಡರಂತೂ ಅದು ಮೊದಲ ದಿನದಿಂದಲೇ ನಿಮ್ಮ ಸಾಲ.

128ನೇ ಕಲಮಿನಲ್ಲೇ ಒಂದು ಕಿಂಡಿ ಇದೆ. ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಮಾತ್ರ ಜಾಮೀನುದಾರನ ಹೊಣೆ ಪೂರ್ತಿ. ಅಂದರೆ "1 ಲಕ್ಷದವರೆಗೆ ಮಾತ್ರ ನನ್ನ ಹೊಣೆ" ಎಂದು ಬರೆಸಬಹುದು. ನನ್ನ 31 ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನಾವು ಗೊಣಗುತ್ತಿದ್ದೆವು, ಮ್ಯಾನೇಜರು ಆಗಲ್ಲ ಅನ್ನುತ್ತಿದ್ದರು, ಆಮೇಲೆ ಸಾಲ ಕೊಡಲೇಬೇಕಾದ ಕಡೆ ಒಪ್ಪುತ್ತಿದ್ದರು. ಖಾಲಿ ಜಾಗಕ್ಕೆ ಸಹಿ ಹಾಕಬೇಡಿ. ಪತ್ರದ ಜೆರಾಕ್ಸ್ ಪ್ರತಿ ಅವತ್ತೇ ಕೇಳಿ ಪಡೆಯಿರಿ. ಕಂತು ತಪ್ಪಿದರೆ ನಿಮಗೂ ತಿಳಿಸಬೇಕೆಂದು ನಿಮ್ಮ ಮೊಬೈಲ್ ನಂಬರನ್ನು ಬರವಣಿಗೆಯಲ್ಲಿ ಕೊಡಿ. ವರ್ಷಕ್ಕೊಂದು ಸಲ ಸಿಬಿಲ್‌ನಂಥ ಸಂಸ್ಥೆಗಳು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ, ತೆಗೆಸಿ ನೋಡಿ. ಭಾವನ ಮೂರನೇ ತಪ್ಪಿದ ಕಂತಿನಲ್ಲೇ ನನಗೆ ಗೊತ್ತಾಗಿದ್ದರೆ ಇಂಜಿನ್ ರಿಪೇರಿಗೆ 30 ಸಾವಿರ ಕೊಟ್ಟು ಮುಗಿಸುತ್ತಿದ್ದೆ, ಟೆಂಪೊ ಓಡುತ್ತಿತ್ತು.

ಎಷ್ಟೋ ಸಲ ನಿಮ್ಮ ಸಹಿ ಬೇಕಾಗಿಯೇ ಇರುವುದಿಲ್ಲ. ಕೇಂದ್ರದ ಖಾತರಿ ನಿಧಿಯಡಿ ಬರುವ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ತಂದೆ ತಾಯಿ ಸಹ ಸಾಲಗಾರರಾದರೆ ಸಾಕು, ಹೊರಗಿನವರ ಜಾಮೀನು ಕೇಳುವಂತಿಲ್ಲ. ಸಣ್ಣ ಉದ್ಯೋಗಕ್ಕೆ ಮುದ್ರಾ ಸಾಲ ಅಡವಿಲ್ಲದೆ ಸಿಗಬೇಕಾದ್ದು. ನಿಯಮ ಏನೇ ಇರಲಿ, "ಯಾರಾದ್ರೂ ಸಂಬಳದೋರು ಇದಾರಾ" ಎಂದು ಕೇಳುವವರು ಕೇಳುತ್ತಲೇ ಇರುತ್ತಾರೆ. ಕೇಳುವುದು ಚಟ, ನನಗೂ ಇತ್ತು. ಸಹಿ ಹಾಕಲು ಹೋಗುವ ಮುಂಚೆ ಸಾಲ ಯಾವ ಯೋಜನೆಯದು ಎಂದು ಒಮ್ಮೆ ವಿಚಾರಿಸಿ.

ಇಲ್ಲ ಅನ್ನುವುದು ಹೇಗೆ ಎಂಬುದು ಕಷ್ಟದ ಪ್ರಶ್ನೆ. ಸುಳ್ಳು ಹೇಳಬೇಡಿ, ಸಿಕ್ಕಿಬೀಳುತ್ತೀರಿ. ಆಗಲೇ ಎರಡು ಜಾಮೀನಿದೆ ಎಂದು ಅಕ್ಕನ ಗಂಡನಿಗೆ ಹೇಳಿ ಕಳಿಸಿದ ಮೇಷ್ಟ್ರೊಬ್ಬರ ಕಥೆ ಗೊತ್ತು. ಆ ಭಾವ ಸೀದಾ ನಮ್ಮ ಕೌಂಟರಿಗೆ ಬಂದು "ಎಷ್ಟಿದೆ ಸ್ವಲ್ಪ ನೋಡಿ" ಅಂದರು. ನಾನು ಕಂಡಿದ್ದರಲ್ಲಿ ಚೆನ್ನಾಗಿ ನಿಭಾಯಿಸಿದವರು ಒಬ್ಬ ಆರೋಗ್ಯ ಇಲಾಖೆಯ ಸಿಸ್ಟರು. ಅವರ ತಮ್ಮ 2 ಲಕ್ಷದ ಸಾಲಕ್ಕೆ ಜಾಮೀನು ಕೇಳಿದ್ದ. "ಸಹಿ ಹಾಕಲ್ಲ ಕಣೋ. ಹದಿನೈದು ಸಾವಿರ ಇದೆ, ತಗೊ, ವಾಪಸ್ ಕೊಡಬೇಡ" ಎಂದು ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತೇ ಎಣಿಸಿಕೊಟ್ಟರು. ತಮ್ಮ ಮುನಿಸಿಕೊಂಡ. ಮುಂದಿನ ವರ್ಷ ಅವರ ಮಗನ ನಾಮಕರಣಕ್ಕೆ ಬಂದು ಪಂಕ್ತಿಯಲ್ಲಿ ಬಡಿಸುತ್ತಿದ್ದ.

ಇಷ್ಟೆಲ್ಲ ಈಗ ಯಾಕೆ ಬರೆದೆ ಅಂದರೆ, ಹೋದ ವಾರ ನನಗೇ ಒಂದು ಫೋನ್ ಬಂತು. ತಂಗಿಯ ಮಗ ಈ ವರ್ಷ ಪ್ರಾಥಮಿಕ ಶಾಲೆಗೆ ಮೇಷ್ಟ್ರಾಗಿ ಸೇರಿದ್ದಾನೆ. "ಮಾವ, ಅಪ್ಪ ಮತ್ತೆ ಟೆಂಪೊ ನೋಡಿದಾರೆ. ಮೂರು ತಿಂಗಳ ಸ್ಲಿಪ್ಪು ಕೊಡು ಅಂತಿದಾರೆ. ನೀವು ಬ್ಯಾಂಕಲ್ಲಿ ಇದ್ದೋರು, ಹಾಕ್ಲಾ?" ಅವನಿಗೆ 2012ರದು ಏನೂ ಗೊತ್ತಿಲ್ಲ. ಆಗ ಅವನು ನಾಲ್ಕನೇ ಕ್ಲಾಸು. ಆಮೇಲೂ ನಾವ್ಯಾರೂ ಹೇಳಲಿಲ್ಲ, ಅಪ್ಪನ ಮುಖ ಮಗನ ಎದುರು ಚಿಕ್ಕದಾಗಬಾರದು ಎಂದು.

ಫೋನಿನಲ್ಲಿ ಬೇಡ, ಭಾನುವಾರ ಬರುತ್ತೇನೆ ಅಂದಿದ್ದೇನೆ. ಅಟ್ಟದಿಂದ ಫೈಲು ಇಳಿಸಿ ಧೂಳು ಹೊಡೆದು ಇಟ್ಟಿದ್ದೇನೆ. ಅದನ್ನು ಅವರಪ್ಪನ ಎದುರಿಗೇ ಬಿಚ್ಚುವುದೋ, ಅವನೊಬ್ಬನನ್ನೇ ತೋಟದ ಕಡೆ ಕರೆದುಕೊಂಡು ಹೋಗಿ ಹೇಳುವುದೋ, ಇನ್ನೂ ತಿಳಿಯುತ್ತಿಲ್ಲ. ಹೆಂಡತಿಯನ್ನು ಕೇಳಿದೆ. ಈ ಸಲ ನಾನೂ ಬರ್ತೀನಿ ಅಂದಿದ್ದಾಳೆ.

ಇತಿ,
ನಿಮ್ಮ ಹಿತೈಷಿ,
ನಿವೃತ್ತ ಸಾಲ ವಿಭಾಗದ ನೌಕರ